ಬಾಲ್ಯದ ಕ್ಯಾಸೆಟ್ ಗೇಮ್‌ಗಳನ್ನು ಮತ್ತೆ ಆಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕರ್ನಾಟಕದಲ್ಲಿ 1990ರ ದಶಕದಲ್ಲಿ ಬೆಳೆದವರಿಗೆ ‘ಟಿವಿ ಗೇಮ್’ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಟಿವಿಯ ಆಂಟೆನಾ ಕಿಂಡಿಗೆ ಸಿಕ್ಕಿಸುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ರಿಮೋಟ್, ಅದೃಷ್ಟವಿದ್ದರೆ ಒಂದು ಬಂದೂಕು, ಜೊತೆಗೆ ‘ಇದರಲ್ಲಿ 99,99,999 ಗೇಮ್‌ಗಳಿವೆ’ ಎಂದು ಅಂಗಡಿಯವನು ಆಣೆ ಮಾಡಿ ಕೊಟ್ಟ ಹಳದಿ ಕ್ಯಾಸೆಟ್. ಬೇಸಿಗೆ ರಜೆ ಬಂತೆಂದರೆ ಈ ಪೆಟ್ಟಿಗೆ ಬಿಸಿಯಾಗುವುದು, ಅದಕ್ಕಿಂತ ಮೊದಲು ಅಮ್ಮ ಬಿಸಿಯಾಗುವುದು, ‘ಗೇಮ್ ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತದೆ’ ಎಂಬ ವೈಜ್ಞಾನಿಕ ಘೋಷಣೆ ಹೊರಡುವುದು ಮಾಮೂಲಾಗಿತ್ತು.

ಆ ಪೆಟ್ಟಿಗೆ ಜಪಾನಿನ ನಿಂಟೆಂಡೊ ಕಂಪನಿಯು 1983ರ ಜುಲೈ 15ರಂದು ಮಾರುಕಟ್ಟೆಗೆ ತಂದ ಫ್ಯಾಮಿಕಾಮ್ ಯಂತ್ರದ ಅನಧಿಕೃತ ನಕಲು. ಇಂದು ಆ ಗೇಮ್‌ಗಳನ್ನು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ತೆರೆಯುವುದು ಕಷ್ಟದ ಕೆಲಸವೇನಲ್ಲ. ಆದರೆ ಹಾಗೆ ತೆರೆದವರಲ್ಲಿ ಬಹುಮಂದಿ ಹತ್ತು ನಿಮಿಷ ಆಡಿ, ‘ಚಿಕ್ಕವರಿದ್ದಾಗ ಇದು ಚೆನ್ನಾಗಿತ್ತಲ್ಲವೇ’ ಎಂದು ನಿಟ್ಟುಸಿರಿಟ್ಟು ಮುಚ್ಚಿಬಿಡುತ್ತಾರೆ. ತಪ್ಪು ಗೇಮಿನದಲ್ಲ. ಅವರು ಗೇಮನ್ನು ಮಾತ್ರ ತಂದುಕೊಂಡು, ಅದರ ವೇಗವನ್ನೂ ಗುಂಡಿಗಳನ್ನೂ ಕಷ್ಟವನ್ನೂ, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ಕೂತು ಜಗಳವಾಡುವ ಇನ್ನೊಬ್ಬರನ್ನೂ ಬಿಟ್ಟುಬಂದಿರುತ್ತಾರೆ. ಈ ಬಿಟ್ಟುಬಂದದ್ದನ್ನೆಲ್ಲ ಸಾಧ್ಯವಾದಷ್ಟು ಮರಳಿ ಜೋಡಿಸಿಕೊಳ್ಳುವುದು ಹೇಗೆಂಬುದೇ ಇಲ್ಲಿನ ವಿಷಯ.

ಮೊದಲು ನಿಮ್ಮ ಗೇಮ್ ಯಾವುದೆಂದು ಪತ್ತೆಹಚ್ಚಿ

ನಮ್ಮಲ್ಲಿ ಅನೇಕರಿಗೆ ಆಡಿದ ಗೇಮಿನ ಹೆಸರೇ ಗೊತ್ತಿಲ್ಲ. ಮೆನುವಿನಲ್ಲಿ ಏನು ಬರೆದಿದ್ದರೂ ನಾವು ಕರೆದದ್ದು ‘ಟ್ಯಾಂಕ್ ಗೇಮ್’, ‘ಬಾತುಕೋಳಿ ಗೇಮ್’, ‘ಸರ್ಕಸ್ಸು’, ‘ಕಾರು’ ಎಂದೇ. ಹುಡುಕಲು ಹೊರಟಾಗ ನಿಜವಾದ ಹೆಸರು ಬೇಕಾಗುತ್ತದೆ. ಇಟ್ಟಿಗೆ ಗೋಡೆಗಳ ನಡುವೆ ಹದ್ದಿನ ಗುರುತನ್ನು ಕಾಯುವ ಟ್ಯಾಂಕ್ ಗೇಮ್ ನ್ಯಾಮ್ಕೊ ಕಂಪನಿಯ 1985ರ ‘ಬ್ಯಾಟಲ್ ಸಿಟಿ’. ನಾಯಿ ಪೊದೆಯಿಂದ ಎದ್ದು ನಗುವ ಬಾತುಕೋಳಿ ಬೇಟೆ ನಿಂಟೆಂಡೊದ 1984ರ ‘ಡಕ್ ಹಂಟ್’. ಸಿಂಹದ ಮೇಲೆ ಕೂತು ಬೆಂಕಿಯ ಬಳೆಗಳೊಳಗೆ ಹಾರುವುದು ‘ಸರ್ಕಸ್ ಚಾರ್ಲಿ’. ಪೆಟ್ರೋಲ್ ಮುಗಿಯುವ ಮೊದಲು ಗುರಿ ಮುಟ್ಟಬೇಕಾದ ಕೆಂಪು ಕಾರು ಕೊನಾಮಿ ಕಂಪನಿಯ ‘ರೋಡ್ ಫೈಟರ್’. ಬೈಕ್ ಬಿಸಿಯಾಗಿ ನಿಂತುಬಿಡುವುದು ‘ಎಕ್ಸೈಟ್‌ಬೈಕ್’. ಮಾರಿಯೊ ಮತ್ತು ಕಾಂಟ್ರಾಗಳಿಗೆ ಮಾತ್ರ ನಾವು ಸ್ವಂತ ನಾಮಕರಣ ಮಾಡಲಿಲ್ಲ.

ಇನ್ನು ಆ ಲಕ್ಷಾಂತರ ಗೇಮ್‌ಗಳ ಕ್ಯಾಸೆಟ್ಟಿನ ಮಾತು. ಅದರೊಳಗಿದ್ದದ್ದು ಸಾಮಾನ್ಯವಾಗಿ ಬೆರಳೆಣಿಕೆಯಷ್ಟೇ ಗೇಮ್‌ಗಳು. ಉಳಿದ ಹೆಸರುಗಳೆಲ್ಲ ಅವೇ ಗೇಮ್‌ಗಳನ್ನು ಬೇರೆ ಸ್ಟೇಜಿನಿಂದಲೋ ಸಣ್ಣ ಬದಲಾವಣೆಯೊಂದಿಗೋ ಶುರುಮಾಡುವ ಬೇರೆ ಬೇರೆ ಬಾಗಿಲುಗಳು. ಹಾಗಾಗಿ ‘ನೂರನೇ ಪುಟದಲ್ಲಿ ಒಂದು ವಿಚಿತ್ರ ಮಾರಿಯೊ ಇತ್ತು, ಈಗ ಎಲ್ಲೂ ಸಿಗುತ್ತಿಲ್ಲ’ ಎಂದು ನಿಮಗೆ ಅನ್ನಿಸಿದರೆ ನಿಮ್ಮ ನೆನಪು ಸರಿಯಾಗಿಯೇ ಇರಬಹುದು. ಅಂಥ ರೂಪ ಆ ಕ್ಯಾಸೆಟ್ಟಿನಲ್ಲಿ ಮಾತ್ರ ಇದ್ದು, ಅಧಿಕೃತ ಸಂಗ್ರಹಗಳಲ್ಲಿ ಇರಲಾರದು.

ಅಟ್ಟದ ಮೇಲಿನ ಪೆಟ್ಟಿಗೆಯನ್ನು ಎಬ್ಬಿಸುವುದು

ಹಳೆಯ ಯಂತ್ರ ಮನೆಯಲ್ಲೇ ಉಳಿದಿದ್ದರೆ ಮೊದಲು ಅದನ್ನೇ ಪ್ರಯತ್ನಿಸಿ, ಆದರೆ ಕೆಳಗಿಳಿಸಿದ ಕೂಡಲೇ ಕರೆಂಟ್ ಕೊಡಬೇಡಿ. ಮೊದಲು ಅಡಾಪ್ಟರ್ ನೋಡಿ. ಇಂಥ ಯಂತ್ರಗಳು ಸಾಮಾನ್ಯವಾಗಿ 9 ವೋಲ್ಟ್ ಅಡಾಪ್ಟರಿನಿಂದ ನಡೆಯುತ್ತವೆ. ಆದರೆ ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಎಂಬುದು ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಪೆಟ್ಟಿಗೆಯ ತಳದಲ್ಲೋ ಅಡಾಪ್ಟರಿನ ಮೈಮೇಲೋ ಇದರ ಚಿತ್ರವಿರುತ್ತದೆ. ಎರಡೂ ಹೊಂದುತ್ತವೆಯೇ ಎಂದು ನೋಡಿಕೊಂಡು, ಮಲ್ಟಿಮೀಟರ್ ಇದ್ದರೆ ಅಳೆದು, ಆಮೇಲೆ ಸಿಕ್ಕಿಸಿ. ಮನೆಯಲ್ಲಿ ಬಿದ್ದಿರುವ ರೌಟರ್ ಅಡಾಪ್ಟರಿನ ಪಿನ್ ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಚುಚ್ಚುವುದು ಮೂವತ್ತು ವರ್ಷ ಬದುಕಿದ ಯಂತ್ರವನ್ನು ಮೂರು ಸೆಕೆಂಡಿನಲ್ಲಿ ಸುಡುವ ದಾರಿ. ಅಡಾಪ್ಟರಿನ ವೈರು ಒರಟಾಗಿ ಬಿರುಕು ಬಿಟ್ಟಿದ್ದರೆ ಅದನ್ನು ಎಸೆದು, ಅದೇ ಅಳತೆಯ ಹೊಸದನ್ನು ತರುವುದು ಲೇಸು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಉಳಿದ ಊರುಗಳಲ್ಲಿ ರೇಡಿಯೊ ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರು ಇನ್ನೂ ಅಂಗಡಿ ತೆರೆಯುತ್ತಿದ್ದರೆ ಅವರಿಗಿಂತ ಒಳ್ಳೆಯ ವೈದ್ಯರಿಲ್ಲ.

ಮುಂದಿನದು ಕ್ಯಾಸೆಟ್. ಇಲ್ಲಿ ಒಂದು ರಾಷ್ಟ್ರೀಯ ಪದ್ಧತಿಯನ್ನು ಬಿಡಬೇಕಾಗುತ್ತದೆ. ಪರದೆಯ ಮೇಲೆ ಬಣ್ಣದ ಚೌಕಗಳು ಕಂಡಾಗಲೆಲ್ಲ ಕ್ಯಾಸೆಟ್ ಕಿತ್ತು, ಕೊಳಲಿನಂತೆ ತುಟಿಗಿಟ್ಟು ಊದಿ, ಮತ್ತೆ ಸಿಕ್ಕಿಸುತ್ತಿದ್ದೆವು. ಆಗ ಗೇಮ್ ಬರುತ್ತಿತ್ತು, ನಿಜ. ಆದರೆ ಕೆಲಸ ಮಾಡುತ್ತಿದ್ದದ್ದು ನಮ್ಮ ಉಸಿರಲ್ಲ, ಕಿತ್ತು ಮತ್ತೆ ಹಾಕುವ ಕ್ರಿಯೆ. ಆ ಉಜ್ಜಾಟದಲ್ಲಿ ಪಿನ್ನುಗಳು ಹೊಸದಾಗಿ ತಾಗುತ್ತಿದ್ದವು. ಉಸಿರಿನ ತೇವ ಮಾತ್ರ ನಿಧಾನವಾಗಿ ತಾಮ್ರದ ಪಟ್ಟಿಗಳಿಗೆ ಕಿಲುಬು ಹಿಡಿಸುತ್ತಿತ್ತು. ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿದ್ದುಂಟು, ಆದರೆ ಆ ಸೂಚನೆ ನಮ್ಮ ನಕಲು ಕ್ಯಾಸೆಟ್ಟಿನ ಜೊತೆ ಬರಲಿಲ್ಲ.

ಸರಿಯಾದ ವಿಧಾನ ಹೀಗಿದೆ. ಐಸೊಪ್ರೊಪೈಲ್ ಆಲ್ಕೊಹಾಲ್ ದ್ರವವನ್ನು, ಶೇ 90ಕ್ಕಿಂತ ಹೆಚ್ಚಿನ ಸಾಂದ್ರತೆಯದನ್ನು, ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಿಂದ ತನ್ನಿ. ಇಯರ್ ಬಡ್‌ನ ತುದಿಯನ್ನು ಅದರಲ್ಲಿ ಒದ್ದೆ ಮಾಡಿ, ಕ್ಯಾಸೆಟ್ಟಿನ ಬಾಯೊಳಗೆ ಕಾಣುವ ಪಿನ್ನುಗಳನ್ನು ಒಳಗಿನಿಂದ ಹೊರಕ್ಕೆ ಒರೆಸಿ. ಫ್ಯಾಮಿಕಾಮ್ ಮಾದರಿಯ ಕ್ಯಾಸೆಟ್ಟಿನಲ್ಲಿ ಒಂದು ಕಡೆ 30, ಇನ್ನೊಂದು ಕಡೆ 30, ಒಟ್ಟು 60 ಪಿನ್ನುಗಳಿರುತ್ತವೆ. ಎರಡೂ ಬದಿಯನ್ನು ಒರೆಸಬೇಕು. ಮೊದಲ ಬಡ್ ಕಪ್ಪಗಾಗಿ ಹೊರಬರುತ್ತದೆ, ಗಾಬರಿ ಬೇಡ. ಬಡ್ ಬೆಳ್ಳಗೆ ಬರುವವರೆಗೆ ಬದಲಿಸುತ್ತ ಹೋಗಿ. ಕಲೆ ಹೋಗದಿದ್ದರೆ ಪೆನ್ಸಿಲ್ ಅಳಿಸುವ ಮೆದು ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಮತ್ತೊಮ್ಮೆ ಆಲ್ಕೊಹಾಲಿನಿಂದ ಒರೆಸಿ. ಪೂರ್ತಿ ಒಣಗಿದ ಮೇಲೆಯೇ ಯಂತ್ರಕ್ಕೆ ಹಾಕಬೇಕು. ಕ್ಯಾಸೆಟ್ ಹಾಕುವಾಗಲೂ ತೆಗೆಯುವಾಗಲೂ ಪವರ್ ಬಟನ್ ಆಫ್ ಇರಲಿ. ಚಿಕ್ಕಂದಿನಲ್ಲಿ ಇದನ್ನು ಯಾರೂ ಪಾಲಿಸಲಿಲ್ಲವೆಂಬುದು ಬೇರೆ ಮಾತು.

ರಿಮೋಟಿನ ಗುಂಡಿ ಒತ್ತಿದರೆ ಕೇಳುತ್ತಿಲ್ಲವೆಂದಾದರೆ ಹಿಂದಿನ ಸ್ಕ್ರೂಗಳನ್ನು ಬಿಚ್ಚಿ. ಒಳಗೆ ರಬ್ಬರಿನ ಹಾಳೆಯೂ ಅದರ ಕೆಳಗೆ ಕಪ್ಪು ಚುಕ್ಕಿಗಳೂ ಇರುತ್ತವೆ. ಆ ಚುಕ್ಕಿಗಳನ್ನೂ ಬೋರ್ಡಿನ ಮೇಲೆ ಅವು ತಾಗುವ ಜಾಗವನ್ನೂ ಅದೇ ದ್ರವದಿಂದ ಹಗುರವಾಗಿ ಒರೆಸಿದರೆ ಅರ್ಧಕ್ಕರ್ಧ ರಿಮೋಟ್‌ಗಳು ಸರಿಹೋಗುತ್ತವೆ. ಸರಿಹೋಗದ ಉಳಿದರ್ಧಕ್ಕೆ ಕಾರಣ ಬುಡದಲ್ಲಿ ತುಂಡಾದ ವೈರು. ಸೋತ ಸಿಟ್ಟಿಗೆ ರಿಮೋಟನ್ನು ವೈರು ಹಿಡಿದು ಬೀಸಿದವರು ಯಾರೆಂದು ಮನೆಯವರಿಗೆ ಗೊತ್ತೇ ಇರುತ್ತದೆ.

ಟಿವಿಗೆ ಜೋಡಿಸುವಾಗ ಯಂತ್ರಕ್ಕೆ ಹಳದಿ ಮತ್ತು ಬಿಳಿ ತೂತುಗಳ ಎವಿ ಸಂಪರ್ಕವಿದ್ದರೆ ಅದನ್ನೇ ಬಳಸಿ. ಆಂಟೆನಾ ಕಿಂಡಿಯ ಹಾದಿಯಲ್ಲಿ ಚಿತ್ರ ಮಸುಕಾಗಿ ಬರುವುದಲ್ಲದೆ, ಇಂದಿನ ಟಿವಿಗಳಲ್ಲಿ ಅನಲಾಗ್ ಚಾನೆಲ್ ಹುಡುಕುವುದೇ ಒಂದು ಪ್ರತ್ಯೇಕ ಗೇಮ್. ಹೊಸ ಟಿವಿಯಲ್ಲಿ ಎವಿ ಕಿಂಡಿ ಇಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಸಣ್ಣ ಪೆಟ್ಟಿಗೆಗಳು ಸಿಗುತ್ತವೆ. ಬಳಿಕ ಟಿವಿಯ ಸೆಟ್ಟಿಂಗ್‌ನಲ್ಲಿ ಎರಡು ಕೆಲಸ ಮಾಡಿ: ಚಿತ್ರದ ಆಕಾರವನ್ನು 4:3ಕ್ಕೆ ತನ್ನಿ, ಇಲ್ಲವಾದರೆ ಮಾರಿಯೊ ಹಬ್ಬದೂಟ ಮುಗಿಸಿ ಬಂದವನಂತೆ ಅಡ್ಡಕ್ಕೆ ಉಬ್ಬಿ ಕಾಣುತ್ತಾನೆ, ‘ಗೇಮ್ ಮೋಡ್’ ಇದ್ದರೆ ಹಾಕಿ. ಟಿವಿಯು ಚಿತ್ರವನ್ನು ಅಂದಗೊಳಿಸಲು ತೆಗೆದುಕೊಳ್ಳುವ ಸಮಯ ಅದರಿಂದ ಕಡಿಮೆಯಾಗಿ, ಗುಂಡಿ ಒತ್ತಿದ ಕ್ಷಣಕ್ಕೂ ಜಿಗಿತಕ್ಕೂ ನಡುವಿನ ಅಂತರ ಕುಗ್ಗುತ್ತದೆ.

ಪೆಟ್ಟಿಗೆ ಇಲ್ಲದವರ ದಾರಿ

ಬಹುಪಾಲು ಜನರ ಯಂತ್ರ ಹಳೆಯ ಪೇಪರಿನ ಜೊತೆಗೆ ಎಂದೋ ತೂಕಕ್ಕೆ ಹೋಗಿದೆ. ಅವರಿಗೆ ಎರಡು ದಾರಿಗಳಿವೆ. ಮೊದಲನೆಯದು ಕಂಪನಿಗಳೇ ಮಾರುವ ಸಂಗ್ರಹಗಳು. ಕೊನಾಮಿ 2019ರಲ್ಲಿ ತಂದ ‘ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್’ನಲ್ಲಿ ಕಾಂಟ್ರಾದ ಆರ್ಕೇಡ್ (ಅಂಗಡಿಯಲ್ಲಿ ಕಾಸು ಹಾಕಿ ಆಡುವ ಯಂತ್ರದ) ರೂಪವೂ ಮನೆಯ ಯಂತ್ರದ ರೂಪವೂ ಇವೆ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಮೂಲಕ ಕಂಪ್ಯೂಟರಿಗೆ ಕೊಳ್ಳಬಹುದು. ಬ್ಯಾಟಲ್ ಸಿಟಿ 2020ರ ‘ನ್ಯಾಮ್ಕೊ ಮ್ಯೂಸಿಯಂ ಆರ್ಕೈವ್ಸ್’ ಎರಡನೇ ಸಂಪುಟದಲ್ಲಿದೆ. ಮಾರಿಯೊ, ಎಕ್ಸೈಟ್‌ಬೈಕ್ ಮೊದಲಾದವು ನಿಂಟೆಂಡೊ ಸ್ವಿಚ್ ಯಂತ್ರ ಇರುವವರಿಗೆ ಅದರ ಆನ್‌ಲೈನ್ ಚಂದಾದ ಭಾಗವಾಗಿ ಸಿಗುತ್ತವೆ.

ಎರಡನೆಯದು ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದಂತೆ ನಟಿಸುವ ತಂತ್ರಾಂಶ. ಮೆಸೆನ್, ಎಫ್‌ಸಿಇಯುಎಕ್ಸ್, ರೆಟ್ರೊಆರ್ಚ್ ಇವು ಉಚಿತವಾಗಿ ದೊರೆಯುವ ಒಳ್ಳೆಯ ಎಮ್ಯುಲೇಟರ್‌ಗಳು. ತಂತ್ರಾಂಶ ಬಳಸುವುದರಲ್ಲಿ ತೊಂದರೆಯಿಲ್ಲ. ತೊಡಕಿರುವುದು ಗೇಮಿನ ಕಡತದಲ್ಲಿ. ಈ ಗೇಮ್‌ಗಳಿಗೆಲ್ಲ ಕೃತಿಸ್ವಾಮ್ಯ ಇನ್ನೂ ಜೀವಂತವಾಗಿದೆ, ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲೇ ಇಟ್ಟು ರಕ್ಷಿಸುತ್ತದೆ. ನಾವು ಚಿಕ್ಕಂದಿನಲ್ಲಿ ಕಾಸು ಕೊಟ್ಟು ಕೊಂಡ ಕ್ಯಾಸೆಟ್ಟೇ ಕದ್ದ ಮಾಲಾಗಿತ್ತೆಂಬುದು ಈ ವಿಷಯದಲ್ಲಿ ನಮ್ಮ ನೈತಿಕ ಸ್ಥಾನವನ್ನು ಅಷ್ಟೇನೂ ಎತ್ತರಿಸುವುದಿಲ್ಲ. ಮಾರಾಟದಲ್ಲಿರುವ ಗೇಮನ್ನು ಕೊಂಡೇ ಆಡಿ. ಕಾಂಟ್ರಾದಿಂದ ಸಿಕ್ಕ ಸುಖದ ಬೆಲೆಯನ್ನು ಇಷ್ಟು ವರ್ಷ ತಡವಾಗಿಯಾದರೂ ಅದನ್ನು ಮಾಡಿದವರಿಗೆ ಮುಟ್ಟಿಸಿದಂತಾಗುತ್ತದೆ.

ಯಾವ ದಾರಿ ಹಿಡಿದರೂ ಫೋನಿನ ಗಾಜಿನ ಮೇಲೆ ಮೂಡುವ ಗುಂಡಿಗಳಲ್ಲಿ ಆಡಬೇಡಿ. ಹೆಬ್ಬೆರಳಿಗೆ ಅಂಚು ತಿಳಿಯದೆ ಮಾರಿಯೊ ಮೊದಲ ಹಳ್ಳಕ್ಕೇ ಬೀಳುತ್ತಾನೆ. ಯುಎಸ್‌ಬಿ ರಿಮೋಟ್ ಎರಡು ಕೊಳ್ಳಿ. ಒಂದು ಸಾಲದು, ಕಾರಣ ಮುಂದೆ ತಿಳಿಯುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಎಡಗಡೆಯ ಕೂಡುಗುರುತಿನ ಆಕಾರದ ದಿಕ್ಕಿನ ಗುಂಡಿಯನ್ನು. ಬಲಕ್ಕೆ ಒತ್ತಿದಾಗ ತಪ್ಪಿಯೂ ಮೇಲಕ್ಕೆ ಹೊರಳಬಾರದು. ನಮ್ಮ ಹಳೆಯ ರಿಮೋಟ್‌ಗಳಲ್ಲಿ ಎ, ಬಿ ಗುಂಡಿಗಳ ಮೇಲೆ ಇನ್ನೆರಡು ಟರ್ಬೊ ಗುಂಡಿಗಳಿದ್ದದ್ದು ನೆನಪಿರಬಹುದು. ಒತ್ತಿ ಹಿಡಿದರೆ ಗುಂಡು ತಾನಾಗಿ ಹಾರುತ್ತಿತ್ತು. ಅಸಲಿ ಫ್ಯಾಮಿಕಾಮ್‌ನಲ್ಲಿ ಆ ಗುಂಡಿಗಳಿರಲಿಲ್ಲ, ಅದು ನಕಲು ಮಾಡಿದವರ ಔದಾರ್ಯ. ಎಮ್ಯುಲೇಟರಿನಲ್ಲಿ ಟರ್ಬೊ ಗುಂಡಿಗಳನ್ನು ನೀವೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ವೇಗ: ಹೆಚ್ಚಿನವರು ಬಿಟ್ಟುಬಿಡುವ ಹಂತ

ಎಮ್ಯುಲೇಟರಿನಲ್ಲಿ ಮಾರಿಯೊ ತೆರೆದ ಕೂಡಲೇ ಸಂಗೀತ ಅವಸರದಲ್ಲಿದೆ, ಆಮೆಗಳು ಬೆನ್ನಟ್ಟಿ ಬರುತ್ತಿವೆ, ನಿಮ್ಮ ಬೆರಳುಗಳಿಗೆ ವಯಸ್ಸಾಗಿದೆ ಎಂದು ಅನ್ನಿಸಿದರೆ, ಮೂರನೆಯದು ನಿಜವಿದ್ದರೂ ಕಾರಣ ಅದೊಂದೇ ಅಲ್ಲ. ಜಪಾನ್ ಮತ್ತು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಟಿವಿಗಳು ಸೆಕೆಂಡಿಗೆ 60 ಬಾರಿ ಚಿತ್ರ ಬಿಡಿಸುತ್ತಿದ್ದವು, ಗೇಮ್‌ಗಳ ಲೆಕ್ಕಾಚಾರವೂ ಅದಕ್ಕೆ ತಕ್ಕಂತಿತ್ತು. ಭಾರತದ ಪಾಲ್ ಪದ್ಧತಿಯ ಟಿವಿ ಸೆಕೆಂಡಿಗೆ 50 ಬಾರಿ ಬಿಡಿಸುತ್ತಿತ್ತು. ಪಾಲ್ ಟಿವಿಗಳಿಗೆಂದು ಮಾಡಿದ ನಕಲು ಯಂತ್ರಗಳಲ್ಲಿ ಅದೇ ಗೇಮ್ ಆರರಲ್ಲಿ ಒಂದು ಪಾಲಿನಷ್ಟು ನಿಧಾನವಾಗಿ ಓಡುತ್ತಿತ್ತು. ಅಂದರೆ ನಾವು ಕಲಿತದ್ದು ನಿಧಾನದ ಮಾರಿಯೊ. ನಮ್ಮ ಜಿಗಿತದ ಲೆಕ್ಕವೆಲ್ಲ ಆ ನಡಿಗೆಗೆ ಒಗ್ಗಿದ್ದು.

ಪರಿಹಾರ ಸುಲಭ. ಮೆಸೆನ್ ಮತ್ತು ಎಫ್‌ಸಿಇಯುಎಕ್ಸ್ ಎರಡರಲ್ಲೂ ‘ರೀಜನ್’ ಎಂಬ ಆಯ್ಕೆಯಿದೆ. ಅಲ್ಲಿ ಎನ್‌ಟಿಎಸ್‌ಸಿ, ಪಾಲ್ ಎಂಬವುಗಳ ಜೊತೆಗೆ ‘ಡೆಂಡಿ’ ಎಂಬ ಮೂರನೆಯ ಹೆಸರೂ ಇರುತ್ತದೆ. ಡೆಂಡಿ ಎಂಬುದು ರಷ್ಯಾದಲ್ಲಿ 1990ರ ದಶಕದಲ್ಲಿ ಮನೆಮಾತಾಗಿದ್ದ ಇಂಥದ್ದೇ ನಕಲು ಯಂತ್ರ. ನಮ್ಮ ಪೆಟ್ಟಿಗೆಗಳಿಗೆ ಹತ್ತಿರದ ನಡವಳಿಕೆ ಅದರದ್ದು. ಅದನ್ನು ಆರಿಸಿ, ಮಾರಿಯೊದ ಮೊದಲ ಸ್ಟೇಜಿನ ಸಂಗೀತ ಕೇಳಿ. ಶ್ರುತಿ ಹೆಚ್ಚುಕಡಿಮೆ ಅದೇ ಇದ್ದು ಲಯ ಮಾತ್ರ ನಿಂತು ನಡೆಯುತ್ತದೆ. ಕಿವಿ ಕೂಡಲೇ ಗುರುತಿಸುತ್ತದೆ.

ಇನ್ನೊಂದು ಆಯ್ಕೆಯನ್ನು ಮಾತ್ರ ಮುಟ್ಟಬೇಡಿ. ಕಾಂಟ್ರಾದಲ್ಲಿ ಗುಂಡುಗಳು ಹೆಚ್ಚಾದಾಗ ಶತ್ರುಗಳು ಮಿಣುಕುತ್ತಿದ್ದದ್ದು ಟಿವಿಯ ದೋಷವಲ್ಲ. ಆ ಯಂತ್ರಕ್ಕೆ ಪರದೆಯ ಒಂದು ಅಡ್ಡಗೆರೆಯಲ್ಲಿ ಚಲಿಸುವ ತುಣುಕುಗಳನ್ನು ಎಂಟಕ್ಕಿಂತ ಹೆಚ್ಚು ತೋರಿಸಲು ಬರುತ್ತಿರಲಿಲ್ಲ. ಆದ್ದರಿಂದ ಪ್ರೋಗ್ರಾಂ ಬರೆದವರು ಅವನ್ನು ಸರದಿಯ ಮೇಲೆ ತೋರಿಸುತ್ತಿದ್ದರು. ಈ ಮಿತಿಯನ್ನು ತೆಗೆದುಹಾಕುವ ಸೌಲಭ್ಯ ಎಮ್ಯುಲೇಟರಿನಲ್ಲಿರುತ್ತದೆ. ತೆಗೆದರೆ ಚಿತ್ರ ಶುಭ್ರವಾಗುತ್ತದೆ, ನಿಮಗೆ ನೆನಪಿರುವ ಕಾಂಟ್ರಾ ಮಾತ್ರ ಉಳಿಯುವುದಿಲ್ಲ.

ಬಾತುಕೋಳಿ ಬೇಟೆಗೆ ಡಬ್ಬಾ ಟಿವಿಯೇ ಬೇಕು

ಬಂದೂಕು ಸುಸ್ಥಿತಿಯಲ್ಲಿದ್ದರೂ ಎಲ್‌ಇಡಿ ಟಿವಿಯ ಮುಂದೆ ಅದು ಆಟಿಕೆ ಮಾತ್ರ. ಟ್ರಿಗರ್ ಎಳೆದಾಗ ಗೇಮು ಕಣ್ಣೆವೆ ಇಕ್ಕುವಷ್ಟರಲ್ಲಿ ಪರದೆಯನ್ನು ಪೂರ್ತಿ ಕಪ್ಪು ಮಾಡಿ, ಮರುಗಳಿಗೆ ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ತೋರಿಸುತ್ತದೆ. ನಳಿಗೆಯ ತಳದಲ್ಲಿರುವ ಬೆಳಕಿನ ಸಂವೇದಕ ಆ ಬಿಳಿಯನ್ನು ಕಂಡರೆ ಗುಂಡು ತಾಗಿತೆಂದು ಲೆಕ್ಕ. ಕಪ್ಪಾದಾಗಲೂ ಬೆಳಕು ಕಂಡರೆ, ಉದಾಹರಣೆಗೆ ಜಾಣನೊಬ್ಬ ಬಲ್ಬಿಗೆ ಗುರಿಯಿಟ್ಟಿದ್ದರೆ, ಅದನ್ನು ತಾಗಲಿಲ್ಲವೆಂದೇ ಬರೆದುಕೊಳ್ಳುವ ಏರ್ಪಾಡು ಇದು. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಚಿತ್ರವನ್ನು ತಡವಿಲ್ಲದೆ ಗೆರೆಗೆರೆಯಾಗಿ ಬಿಡಿಸುತ್ತಿದ್ದುದರಿಂದ ಈ ಉಪಾಯ ನಡೆಯುತ್ತಿತ್ತು. ಹೊಸ ಟಿವಿ ಆ ಚೌಕವನ್ನು ತೋರಿಸುವಷ್ಟರಲ್ಲಿ ಗೇಮು ನೋಡುವುದನ್ನೇ ನಿಲ್ಲಿಸಿರುತ್ತದೆ.

ಹಾಗಾಗಿ ನೆಂಟರ ಮನೆಯ ಮೂಲೆಯಲ್ಲಿ ಉಳಿದಿರುವ ಡಬ್ಬಾ ಟಿವಿಯನ್ನು ಬೇಡಿ ತನ್ನಿ, ಇಲ್ಲವೇ ಎಮ್ಯುಲೇಟರಿನಲ್ಲಿ ಮೌಸ್ ಹಿಡಿದು ಬೇಟೆಯಾಡಿ. ಡಬ್ಬಾ ಟಿವಿ ತಂದರೆ ಅದರ ಹಿಂಬದಿಯ ಮುಚ್ಚಳವನ್ನು ನೀವಾಗಿ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಪ್ರಾಣಾಪಾಯದ ವಿದ್ಯುತ್ತು ಉಳಿದಿರಬಹುದು. ಇನ್ನೊಂದು ಸಂಗತಿ: ಒಂದೇ ಬಾತುಕೋಳಿ ಹಾರುವ ‘ಎ’ ಗೇಮಿನಲ್ಲಿ ಇನ್ನೊಬ್ಬರು ರಿಮೋಟ್ ಹಿಡಿದು ಆ ಬಾತುಕೋಳಿಯನ್ನು ಬೇಕಾದ ಕಡೆ ಹಾರಿಸಬಹುದು. ಇದು ಆಗಲೇ ಗೊತ್ತಿದ್ದಿದ್ದರೆ ಎಷ್ಟು ಮನೆಗಳ ಶಾಂತಿ ಕೆಡುತ್ತಿತ್ತೋ. ನಾಯಿಗೆ ಗುಂಡು ಹೊಡೆಯುವ ಮಾತು ಕೇಳಬೇಡಿ, ಮನೆಯ ಯಂತ್ರದ ಗೇಮಿನಲ್ಲಿ ಅದು ಸಾಧ್ಯವಿಲ್ಲ.

ಮಾರಿಯೊ: ಒಬ್ಬರೇ ಇದ್ದಾಗ

ಶಿಗೆರು ಮಿಯಾಮೊಟೊ ಮತ್ತು ಸಂಗಡಿಗರು ರೂಪಿಸಿದ ‘ಸೂಪರ್ ಮಾರಿಯೊ ಬ್ರದರ್ಸ್’ 1985ರ ಸೆಪ್ಟೆಂಬರ್ 13ರಂದು ಹೊರಬಂತು. ಎಂಟು ಲೋಕ, 32 ಸ್ಟೇಜ್, ಎಲ್ಲ ಸೇರಿ 40 ಕಿಲೊಬೈಟ್. ಇಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ‘ಶುಭೋದಯ’ ಚಿತ್ರದ ತೂಕ ಇದಕ್ಕಿಂತ ಹೆಚ್ಚಿರುತ್ತದೆ. ಜಾಗ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ ಬಳಸಿ, ಬಣ್ಣ ಮಾತ್ರ ಬದಲಿಸಿದ್ದಾರೆ. ಒಮ್ಮೆ ಗಮನಿಸಿದರೆ ಮತ್ತೆ ಮರೆಯಲಾಗದು.

ಬಾಲ್ಯದಲ್ಲಿ ಮುಗಿಸಲಾಗದವರು ಈಗ ಮುಗಿಸಲು ಹೀಗೆ ಮಾಡಬಹುದು. ಎಲ್ಲ ಲೈಫ್ ಕಳೆದು ಗೇಮ್ ಮುಗಿದಾಗ, ಶುರುವಿನ ಪರದೆಯಲ್ಲಿ ಎ ಗುಂಡಿಯನ್ನು ಒತ್ತಿ ಹಿಡಿದೇ ಸ್ಟಾರ್ಟ್ ಒತ್ತಿ. ನೀವು ಸತ್ತ ಲೋಕದ ಮೊದಲ ಸ್ಟೇಜಿನಿಂದಲೇ ಮತ್ತೆ ಆರಂಭವಾಗುತ್ತದೆ. ಇದು ಮೋಸವಲ್ಲ, ಗೇಮಿನೊಳಗೇ ಇರುವ ವ್ಯವಸ್ಥೆ. ನಮಗೆ ಹೇಳುವವರಿರಲಿಲ್ಲ ಅಷ್ಟೆ. ನೆಲದಡಿಯ 1-2 ಸ್ಟೇಜಿನಲ್ಲಿ (ಅಂದರೆ ಮೊದಲ ಲೋಕದ ಎರಡನೆಯದರಲ್ಲಿ) ಚಾವಣಿಯ ಮೇಲೇರಿ ಕೊನೆಯ ಪೈಪನ್ನು ದಾಟಿ ಹೋದರೆ ಎರಡು, ಮೂರು, ನಾಲ್ಕನೇ ಲೋಕಗಳಿಗೆ ನೇರ ದಾರಿ ಸಿಗುವುದು ಬಹುಜನರಿಗೆ ಗೊತ್ತು. 4-2ರಲ್ಲಿ ಅಡಗಿಸಿಟ್ಟ ಬಳ್ಳಿಯೇರಿದರೆ ಎಂಟನೇ ಲೋಕಕ್ಕೇ ಹೋಗಬಹುದೆಂಬುದು ಕೆಲವರಿಗೆ ಮಾತ್ರ ಗೊತ್ತಿತ್ತು. ಸ್ಟೇಜಿನ ಕೊನೆಯ ಬಾವುಟದ ಕಂಬಕ್ಕೆ ಹಾರುವಾಗ ಮೇಲ್ತುದಿ ಹಿಡಿದರೆ 5000 ಅಂಕ; ಹಿಡಿದ ಗಳಿಗೆಯಲ್ಲಿ ಸಮಯದ ಕೊನೆಯ ಅಂಕಿ 1, 3 ಅಥವಾ 6 ಇದ್ದರೆ ಅಷ್ಟೇ ಸಂಖ್ಯೆಯ ಪಟಾಕಿ ಸಿಡಿಯುತ್ತದೆ. ಅದನ್ನು ದೈವಕೃಪೆಯೆಂದು ನಂಬಿದ್ದವರು ಬಹಳ.

3-1ರ ಕೊನೆಯ ಮೆಟ್ಟಿಲಲ್ಲಿ ಆಮೆಯ ಚಿಪ್ಪನ್ನು ತುಳಿಯುತ್ತ ಲೈಫ್ ಕೂಡಿಹಾಕುವ ವಿದ್ಯೆ ಬಲ್ಲವರು ದುರಾಸೆ ಪಡಬಾರದು. 127ರ ಮೇಲೆ ಹೋದರೆ ಎಣಿಕೆ ಉಕ್ಕಿ ಋಣಸಂಖ್ಯೆಯಾಗುತ್ತದೆ, ಮುಂದಿನ ಸಾವಿಗೇ ಗೇಮ್ ಓವರ್. ಎಮ್ಯುಲೇಟರಿನ ‘ಸೇವ್ ಸ್ಟೇಟ್’ ವಿಷಯದಲ್ಲೂ ಇದೇ ಸಂಯಮ ಬೇಕು. ಪ್ರತಿ ಜಿಗಿತಕ್ಕೆ ಮೊದಲು ಉಳಿಸಿಕೊಂಡು ಆಡಿದರೆ ಮಾರಿಯೊ ಅರ್ಧ ಗಂಟೆಯ ಸರಕಾರಿ ಕಡತ ವಿಲೇವಾರಿಯಾಗುತ್ತದೆ. ಪ್ರತಿ ಲೋಕದ ಶುರುವಿನಲ್ಲಿ ಮಾತ್ರ ಉಳಿಸಿಕೊಳ್ಳುವುದೆಂದು ನಿಯಮ ಮಾಡಿಕೊಳ್ಳಿ. ಈ ಗೇಮ್‌ಗಳು ಕಿರಿದು, ಅವುಗಳ ಉದ್ದವೆಲ್ಲ ಅಡಗಿರುವುದು ಸತ್ತು ಮತ್ತೆ ಮೊದಲಿನಿಂದ ಬರುವುದರಲ್ಲಿ.

ಇಬ್ಬರು ಆಡುವ ಗೇಮ್‌ಗಳು

ಇಲ್ಲಿಗೇ ಬರಬೇಕೆಂದು ಎರಡು ರಿಮೋಟ್ ಕೊಳ್ಳಿ ಎಂದದ್ದು. ಆಗ ಜೊತೆಗೆ ಆಡಿದವರನ್ನೇ ಕರೆಯಿರಿ: ಅಣ್ಣ, ತಂಗಿ, ಚಿಕ್ಕಪ್ಪನ ಮಗ, ಎದುರುಮನೆಯ ಸ್ನೇಹಿತ. ಮಾರಿಯೊದಲ್ಲಿ ಎರಡನೆಯವರು ಮೊದಲನೆಯವರು ಸಾಯುವುದನ್ನೇ ಕಾಯುತ್ತ ಕೂರಬೇಕು. ಕಿರಿಯರ ಪಾಲಿಗೆ ಸದಾ ಹಸಿರು ಅಂಗಿಯ ಲೂಯಿಜಿಯೇ ಬಂದದ್ದರ ಹಿಂದೆ ಇದ್ದದ್ದು ಬರೀ ದಬ್ಬಾಳಿಕೆ. ಈ ಸಲ ಕಿರಿಯರಿಗೆ ಮೊದಲ ರಿಮೋಟ್ ಕೊಡುವುದು ನ್ಯಾಯ.

ಶುರುವಿಗೆ ಬ್ಯಾಟಲ್ ಸಿಟಿ ಒಳ್ಳೆಯದು. ಒಟ್ಟು 35 ಸ್ಟೇಜ್, ಪ್ರತಿಯೊಂದರಲ್ಲೂ 20 ಶತ್ರು ಟ್ಯಾಂಕ್. ನಿಯಮ ತಿಳಿಯಲು ಅರ್ಧ ನಿಮಿಷ ಸಾಕಾಗುವುದರಿಂದ ಗೇಮ್ ಆಡದ ಸಂಗಾತಿಯನ್ನೂ ಕೂರಿಸಬಹುದು. ಒಬ್ಬರು ಹದ್ದಿನ ಬಳಿ ನಿಂತು ಕಾಯಬೇಕು, ಇನ್ನೊಬ್ಬರು ಮುನ್ನುಗ್ಗಬೇಕು. ಆದರೆ ನಕ್ಷತ್ರ ಬಿದ್ದ ಕೂಡಲೇ ಕಾಯುವವರು ಕಾವಲು ಬಿಟ್ಟು ಓಡುತ್ತಾರೆ, ಇದು ಅಂದೂ ಹಾಗೆ, ಇಂದೂ ಹಾಗೆ. ಮಿನುಗುವ ಟ್ಯಾಂಕಿಗೆ ಗುಂಡು ತಾಗಿದರೆ ವರಗಳು ಬೀಳುತ್ತವೆ: ಸಲಿಕೆ ಸಿಕ್ಕರೆ ಹದ್ದಿನ ಸುತ್ತ ಉಕ್ಕಿನ ಗೋಡೆ, ಗಡಿಯಾರಕ್ಕೆ ಶತ್ರುಗಳೆಲ್ಲ ಸ್ತಬ್ಧ. ಜೊತೆಗಾರರ ಗುಂಡು ತಾಗಿದರೆ ನಿಮ್ಮ ಟ್ಯಾಂಕ್ ಸ್ವಲ್ಪ ಹೊತ್ತು ಕದಲದೆ ನಿಲ್ಲುತ್ತದೆ, ಜಗಳಕ್ಕೆ ಇಷ್ಟು ಸಾಕು. ಸ್ವಂತ ಗುಂಡಿನಿಂದ ಸ್ವಂತ ಹದ್ದನ್ನೇ ಹೊಡೆದುಕೊಂಡರೆ ಅಲ್ಲಿಗೆ ಗೇಮ್ ಮುಗಿಯಿತು. ಮಕ್ಕಳು ಪಕ್ಕದಲ್ಲಿದ್ದರೆ ಮೆನುವಿನ ‘ಕನ್‌ಸ್ಟ್ರಕ್ಷನ್’ ತೆರೆದು ಸ್ವಂತ ಕೋಟೆ ಕಟ್ಟಲು ಬಿಡಿ. ಅವರು ಹದ್ದಿನ ಸುತ್ತ ನಾಲ್ಕು ಪದರ ಉಕ್ಕು ಹೊದಿಸುತ್ತಾರೆ, ಹದ್ದಿನ ತಂಟೆಯೇ ತಪ್ಪುತ್ತದೆ.

ಕಾಂಟ್ರಾಕ್ಕೆ ಒಂದು ಇಡೀ ಸಂಜೆ ಇಡಿ. 1987ರ ಆರ್ಕೇಡ್ ಗೇಮು 1988ರಲ್ಲಿ ಮನೆಯ ಯಂತ್ರಕ್ಕೆ ಬಂತು. ಎಂಟು ಸ್ಟೇಜ್, ಮೂರು ಲೈಫ್, ಒಂದು ಗುಂಡು ತಾಗಿದರೂ ಸಾವು. ಶುರುವಿನ ಪರದೆ ಪೂರ್ತಿ ಬಂದು ನಿಂತಾಗ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿ, ಇಬ್ಬರಿದ್ದರೆ ಸೆಲೆಕ್ಟ್ ಒತ್ತಿ, ಆಮೇಲೆ ಸ್ಟಾರ್ಟ್ ಒತ್ತಿದರೆ ತಲಾ 30 ಲೈಫ್. ಈ ಮಂತ್ರವನ್ನು ಮೊದಲು ಬರೆದವರು ಕೊನಾಮಿಯ ಕಜುಹಿಸಾ ಹಶಿಮೊಟೊ. 1986ರಲ್ಲಿ ‘ಗ್ರೇಡಿಯಸ್’ ಗೇಮನ್ನು ಮನೆಯ ಯಂತ್ರಕ್ಕೆ ಅಳವಡಿಸುವಾಗ ಪರೀಕ್ಷೆಗಾಗಿ ಆಡುವುದು ತಮಗೇ ಕಷ್ಟವಾದದ್ದರಿಂದ ಹಾಕಿಕೊಂಡದ್ದು. ಅವರು 2020ರಲ್ಲಿ ತೀರಿಕೊಂಡರು. ಮಾಡಿದವರಿಗೇ ಕಷ್ಟವಾದಾಗ ಮಂತ್ರ ಹೇಳಿಕೊಳ್ಳಲು ನಮಗೇಕೆ ಸಂಕೋಚ? ಮೊದಲ ಸಂಜೆ 30ರಲ್ಲಿ ಆಡಿ, ದಾರಿ ನೆನಪಾದ ಮೇಲೆ 3ಕ್ಕೆ ಇಳಿಯಿರಿ.

ಹಾರಿ ಬರುವ ಪೆಟ್ಟಿಗೆಯಿಂದ ಬೀಳುವ ಅಕ್ಷರಗಳಲ್ಲಿ ‘ಎಸ್’ ಒಂದೇ ಚಿನ್ನ, ಐದು ಕಡೆಗೆ ಚದುರುವ ಗುಂಡು ಅದರದ್ದು. ಅದು ಕೈಲಿರುವಾಗ ಅಚಾತುರ್ಯದಿಂದ ‘ಎಲ್’ ಮೇಲೆ ಕಾಲಿಟ್ಟರೆ ಲೇಸರ್ ಬರುತ್ತದೆ. ಗಾಬರಿಯಲ್ಲಿ ಗುಂಡಿ ಒತ್ತುತ್ತ ಹೋದಷ್ಟೂ ಹಿಂದಿನ ಲೇಸರ್ ಅಳಿದು ಹೊಸದು ಹೊರಡುತ್ತ, ಶತ್ರುವನ್ನು ಒಂದೂ ಮುಟ್ಟುವುದಿಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡು, ಎಸ್ ಇಲ್ಲದವರಿಗೆ ಎಸ್ ಎಂದು ತೀರ್ಮಾನಿಸಿಕೊಳ್ಳಿ. ತೀರ್ಮಾನ ಮುರಿದುಬೀಳುತ್ತದೆ, ಆದರೂ ಮಾಡಿಕೊಳ್ಳಿ.

ಮೂರನೇ ಸ್ಟೇಜು ಜಲಪಾತ. ಇಲ್ಲಿ ಪರದೆ ಮೇಲಕ್ಕೆ ಮಾತ್ರ ಸರಿಯುತ್ತದೆ. ಒಬ್ಬರು ಆತುರದಿಂದ ಮೇಲೆ ಹಾರಿದರೆ ಕೆಳಗೆ ಉಳಿದವರ ಕಾಲಡಿಯ ಬಂಡೆ ಪರದೆಯಿಂದಾಚೆ ಹೋಗಿ, ಶತ್ರುವಿನ ನೆರವಿಲ್ಲದೆಯೇ ಅವರು ಸಾಯುತ್ತಾರೆ. ಎಷ್ಟೋ ಅಣ್ಣತಮ್ಮಂದಿರ ನಡುವಿನ ಮೊದಲ ಆಸ್ತಿ ವ್ಯಾಜ್ಯ ನಡೆದದ್ದು ಈ ಜಲಪಾತದ ಬುಡದಲ್ಲಿ. ಉಪಾಯವೆಂದರೆ ಎಣಿಸಿಕೊಂಡು ಒಟ್ಟಿಗೆ ಹಾರುವುದು. ‘ಒಂದು, ಎರಡು, ಮೂರು’ ಎಂದು ಗಟ್ಟಿಯಾಗಿ ಹೇಳಿ ಒಂದೊಂದೇ ಬಂಡೆ ಏರಿ, ಇಬ್ಬರಲ್ಲಿ ನಿಧಾನದವರು ಎಣಿಸಲಿ. ಉಳಿದ ಸ್ಟೇಜ್‌ಗಳಿಗೆ ವಿಶೇಷ ಸೂಚನೆ ಬೇಕಿಲ್ಲ, ಸಾಯುತ್ತ ಕಲಿಯುವಂಥವು.

ಕಂಪ್ಯೂಟರ್ ಲ್ಯಾಬಿನ ಗೇಮ್‌ಗಳು

ಶಾಲೆಯ ಲ್ಯಾಬಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಎ.ಸಿ. ತಂಪಿನಲ್ಲಿ, ಮೇಷ್ಟ್ರು ಆಚೆ ಹೋದಾಗ ಆಡಿದ ‘ಡೇಂಜರಸ್ ಡೇವ್’ ಮತ್ತು ‘ಪ್ರಿನ್ಸ್ ಆಫ್ ಪರ್ಷಿಯಾ’ ಬೇರೆ ಜಾತಿಯವು. ಅವು ವಿಂಡೋಸ್‌ಗಿಂತ ಹಿಂದಿನ ಡಾಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಗೇಮ್‌ಗಳು, ಆಡಲು ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಬೇಕು. ಗೇಮು ಕುದುರೆಯೇರಿದಂತೆ ಓಡಿದರೆ ಕಂಟ್ರೋಲ್ ಜೊತೆ ಎಫ್11 ಒತ್ತಿ ನಿಧಾನಗೊಳಿಸಿ. ಎಫ್12 ಒತ್ತಿದರೆ ವೇಗ ಹೆಚ್ಚುತ್ತದೆ. ಡೇವ್‌ನಲ್ಲಿ ಕಪ್ ಎತ್ತಿಕೊಂಡರೆ ಮಾತ್ರ ಬಾಗಿಲು ತೆರೆಯುತ್ತದೆ. ಬಂದೂಕಿಗೆ ಕಂಟ್ರೋಲ್ ಗುಂಡಿ, ಬೆನ್ನಿನ ಜೆಟ್‌ಗೆ ಆಲ್ಟ್ ಗುಂಡಿ. ಒಟ್ಟು ಹತ್ತು ಸ್ಟೇಜ್.

ಜೋರ್ಡನ್ ಮೆಕ್ನರ್ 1989ರಲ್ಲಿ ಮುಗಿಸಿದ ಪ್ರಿನ್ಸ್‌ನಲ್ಲಿ ನಡಿಗೆ ಅಷ್ಟು ಸಹಜವಾಗಿರಲು ಕಾರಣ, ತಮ್ಮನನ್ನು ಓಡಿಸಿ ಹಾರಿಸಿ ವಿಡಿಯೊ ಮಾಡಿ, ಅದರ ಮೇಲೆ ಚಿತ್ರ ಬಿಡಿಸಿದ್ದು. ಗಡಿಯಾರದ 60 ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಮೂರನೇ ಸ್ಟೇಜ್ ಮುಟ್ಟಿದ ಮೇಲೆ ಕಂಟ್ರೋಲ್ ಜೊತೆ ಜಿ ಒತ್ತಿ ಉಳಿಸಿಕೊಳ್ಳಬಹುದು, ಆದರೆ ಕಳೆದ ನಿಮಿಷಗಳು ವಾಪಸು ಬರುವುದಿಲ್ಲ. ಕೊನೆಗೆ ಎದುರಾಗುವ ನೆರಳಿನ ಜೊತೆ ಕಾದಾಡಿದರೆ ನಿಮಗೇ ಪೆಟ್ಟು. ಕತ್ತಿಯನ್ನು ಒರೆಗೆ ಸೇರಿಸಿ ಅವನೊಳಗೆ ನಡೆದುಹೋಗಬೇಕು. ಲ್ಯಾಬಿನ ಅವಧಿ 40 ನಿಮಿಷದ್ದಾಗಿದ್ದರಿಂದ ಅಲ್ಲಿ ಇದನ್ನು ಮುಗಿಸುವ ಪ್ರಶ್ನೆಯೇ ಇರಲಿಲ್ಲ. ಈಗ ಭಾನುವಾರದ ಒಂದು ಗಂಟೆ ಸಾಕು, ಫೋನನ್ನು ಬೇರೆ ಕೋಣೆಯಲ್ಲಿಟ್ಟರೆ.

ಎತ್ತಿಡುವಾಗ

ಹಳೆಯ ಪೆಟ್ಟಿಗೆಯನ್ನೇ ಬಳಸಿದವರು ಆಡಿ ಮುಗಿಸಿದ ಮೇಲೆ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡಿ. ಯಂತ್ರ ಆಫ್ ಆಗಿದ್ದರೂ ಅದು ಬಿಸಿಯಾಗುತ್ತಲೇ ಇರುತ್ತದೆ. ಕ್ಯಾಸೆಟ್ಟನ್ನು ಯಂತ್ರದಲ್ಲೇ ಬಿಡಬೇಡಿ. ರಿಮೋಟಿನ ವೈರನ್ನು ರಿಮೋಟಿಗೇ ಬಿಗಿಯಾಗಿ ಸುತ್ತುವ ಅಭ್ಯಾಸದಿಂದಲೇ ಬುಡ ತುಂಡಾಗುವುದರಿಂದ ಸಡಿಲವಾಗಿ ಸುರುಳಿ ಮಾಡಿಡಿ. ಮಲೆನಾಡು ಮತ್ತು ಕರಾವಳಿಯವರು ಜೂನ್‌ಗೆ ಮೊದಲೇ ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗಿಡಬೇಕು. ಎಮ್ಯುಲೇಟರಿನವರಿಗೆ ಇದ್ಯಾವ ತಾಪತ್ರಯವೂ ಇಲ್ಲ, ಸೇವ್ ಕಡತಗಳಿರುವ ಫೋಲ್ಡರಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಸಾಕು. ಫೋಲ್ಡರಿಗೆ ಆಫೀಸಿನ ಕಡತದಂಥ ಹೆಸರಿಡುವುದೋ ಬೇಡವೋ ಎಂಬುದು ಮನೆಯ ಪರಿಸ್ಥಿತಿಗೆ ಬಿಟ್ಟದ್ದು.